ಜೊತೆಯ ದೋಣಿಯವರು
(ಲೂಕ 5:1-11)

ಗೆನೆಜರೇತ್ ಸರೋವರದಲ್ಲಿ ಬಲೆಯು ಮೀನಿನ ಭಾರಕ್ಕೆ ಹರಿಯುವಂತಾದಾಗ ಸೀಮೋನನು ಎಲ್ಲವನ್ನೂ ತಾನೇ ಎಳೆದುಕೊಳ್ಳಲಿಲ್ಲ. ಜೊತೆಯ ದೋಣಿಯವರನ್ನು ಕರೆದನು. ಎರಡು ದೋಣಿಗಳೂ ತುಂಬಿದವು.

ಮಲ್ಪೆಯ ತೆಂಕಲಿನ ಪಡುಕೆರೆಯಂಥ ಊರಿನವರಿಗೆ ಇದು ಬೇಗನೆ ತಿಳಿಯುವದು. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಮಳಲಿನ ಪಟ್ಟಿಯ ಮೇಲೆ ಮನೆಗಳು. ಈ ಕರಾವಳಿಯ ಹಿರಿಯರು ರಂಪಣಿಯನ್ನು ಬಲ್ಲರು. ಹಲವು ಮನೆಗಳ ಬಲೆಯ ತುಂಡುಗಳನ್ನು ಕೂಡಿಸಿ ಆ ಮಹಾಬಲೆಯನ್ನು ಮಾಡುತ್ತಿದ್ದರು. ದೋಣಿಯಿಂದ ಅದನ್ನು ಸುತ್ತಲೂ ಬಿಟ್ಟು, ಹತ್ತಾರು ಮಂದಿ ದಡದಲ್ಲಿ ನಿಂತು ಎರಡು ಕಡೆಯ ಹಗ್ಗಗಳನ್ನೆಳೆದು, ಬಂದ ಬಂಗುಡೆ ಬೂತಾಯಿಗಳನ್ನು ಪಾಲುಮಾಡಿಕೊಳ್ಳುತ್ತಿದ್ದರು. ಒಬ್ಬನೇ ಎಳೆಯತಕ್ಕ ಬಲೆ ಅದಲ್ಲ.

1970ರ ದಶಕದಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆಯು ಬಂದಿತು. ಮೀನಿನ ಹಿಂಡು ದಡವನ್ನು ಸೇರುವ ಮೊದಲೇ ಅದು ಸುತ್ತುವರಿಯಿತು. ರಂಪಣಿಗಳು ಒಂದೊಂದಾಗಿ ನಿಂತುಹೋದವು. ಯಂತ್ರವು ಪಾಪವೆಂದು ನಾನು ಹೇಳೆನು; ಅದರಿಂದ ಅನೇಕರ ಒಲೆ ಉರಿಯುತ್ತದೆ. ಆದರೆ ಬೆಳಕು ಹಾಯಿಸಿ ಮೀನು ಹಿಡಿಯುವದನ್ನು 2017ರಲ್ಲಿ ಸರಕಾರವು ನಿಷೇಧಿಸಿದ ಮೇಲೆಯೂ ನಡುರಾತ್ರಿ ದೀಪ ಉರಿಸಿ ಮರಿಗಳನ್ನು ಸಹ ಬಾಚಿಕೊಳ್ಳುವವನು ಯಾವ ಜೊತೆಗಾರನನ್ನು ಕರೆಯುತ್ತಾನೆ? ಸೀಮೋನನೋ, ರಾಶಿ ಮೀನನ್ನು ಕಂಡೊಡನೆ ಬೆಲೆಯನ್ನು ಎಣಿಸದೆ ಕರ್ತನ ಮೊಣಕಾಲಿಗೆ ಬಿದ್ದನು.

ಪ್ರಿಯರೇ, ಜೂನ್ ಜುಲಾಯಿ ತಿಂಗಳುಗಳ 61 ದಿವಸ ಬೋಟುಗಳು ದಕ್ಕೆಯಲ್ಲಿ ನಿಂತಿರುವಾಗ ನೀವು ಒಟ್ಟಾಗಿ ಕೂತು ಬಲೆಯನ್ನು ನೇರ್ಪುಮಾಡುವಿರಷ್ಟೆ. ದುಡಿಯುವ ಗಂಡಸಿಲ್ಲದ ನೆರೆಮನೆಗೆ ಮುಂದಿನ ಹಿಡಿತದಲ್ಲಿ ಎಷ್ಟು ಪಾಲೆಂಬದನ್ನು ಆಗಲೇ ಮಾತಾಡಿಕೊಳ್ಳಿರಿ.