ಕೆರೆಯಲ್ಲಿ ಕಲಿಯುವ ಕಡಲಿಗರು



ಹಡಗಿಗೂ ಪೈಲಟ್ ಇರುತ್ತಾರೆ. ಬಂದರಿನ ಬಳಿ ಹಡಗನ್ನೇರಿ, ಅಲ್ಲಿಯ ನೀರಿನ ಆಳ, ಸೆಳೆತ ನೋಡಿ ಕ್ಯಾಪ್ಟನ್‌ಗೆ ದಾರಿ ಹೇಳುವವರು. ಲೈಸೆನ್ಸ್ ಸಿಕ್ಕಿತೆಂದು ಅವರು ಸುಮ್ಮನಿರುವಂತಿಲ್ಲ. ಐದು ವರ್ಷ ಮೀರದಂತೆ ಅವರ ಸಾಮರ್ಥ್ಯವನ್ನು ಮತ್ತೆ ಪರಿಶೀಲಿಸಬೇಕೆಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ 2003ರಲ್ಲಿ ಶಿಫಾರಸು ಮಾಡಿದೆ. ಫ್ರಾನ್ಸಿನ ಗ್ರೆನೋಬಲ್ ಬಳಿಯ ಪೋರ್ಟ್ ರೆವೆಲ್‌ನಲ್ಲಿ ಒಂದು ಕೆರೆಯಿದೆ. ಅನುಭವಿ ಪೈಲಟ್‌ಗಳೂ ಅಲ್ಲಿ ನಿಜವಾದ ಹಡಗಿನ 25ರಲ್ಲಿ ಒಂದು ಪಾಲಿನಷ್ಟು ಉದ್ದದ ಮಾದರಿ ಹಡಗುಗಳಲ್ಲಿ ಕುಳಿತು ಮತ್ತೆ ಕಲಿಯುತ್ತಾರೆ. ಎಲ್ಲವೂ ಐದು ಪಟ್ಟು ಬೇಗ ನಡೆಯುತ್ತದೆ (25ರ ವರ್ಗಮೂಲ, ವಿಜ್ಞಾನ ಓದಿದವರು ನೆನಪಿಸಿಕೊಳ್ಳಿ!). ಅಲ್ಲಿ ತಪ್ಪಿದರೆ ಪ್ರಾಣಹಾನಿಯಿಲ್ಲ, ಬಂದರಿನಲ್ಲಿ ತಪ್ಪಿದರೆ ಹಾಗಲ್ಲ.

ನಮ್ಮಲ್ಲಿ ದೃಢೀಕರಣವಾದ ಮೇಲೆ ಧರ್ಮೋಪದೇಶದ ತರಗತಿಗೆ ಬರುವವರು ವಿರಳ. ಹತ್ತನೇ ತರಗತಿಯಲ್ಲಿ ಬಾಯಿಪಾಠ ಮಾಡಿದ ಉತ್ತರ, ಕೆಲಸ ಹೋದಾಗ, ಅಪ್ಪ ತೀರಿಕೊಂಡಾಗ ಏಳುವ ಪ್ರಶ್ನೆಗೆ ಸಾಕಾದೀತೇ? ಪೇತ್ರನಿಗೆ ಮೀನು ಹಿಡಿಯುವುದು ಹೊಸದಲ್ಲ. ಆದರೂ ರಾತ್ರಿಯೆಲ್ಲ ದುಡಿದು ಬರಿಗೈಯಾದವನು ಬಡಗಿಯ ಮಗನ ಮಾತಿಗೆ ಮತ್ತೆ ಬಲೆ ಬೀಸಿದ. ಮುಂದಿನ ಭಾನುವಾರ ಬಲಿಪೂಜೆಯ ನಂತರ ಲೂಕನ ಶುಭಸಂದೇಶದ ಆ ಐದನೇ ಅಧ್ಯಾಯವನ್ನೇ ಓದೋಣ. ತಮಿಳು ಸಲೀಸಾದವರು ತಮಿಳು ಬೈಬಲನ್ನೇ ತನ್ನಿ. ಮದುವೆಯಾದವರೂ ಬನ್ನಿ.