ನಡುವಿನವರು ಯಾರು?

ಹೆಸರಿನಲ್ಲಿಯೇ ಕೋಟೆಯನ್ನು ಹೊತ್ತಿರುವ ಇರಕಲ್ಲಗಡದಲ್ಲಿ, ಕೊಪ್ಪಳದ ಗವಿಮಠದ ಜಾತ್ರೆ ಮುಗಿದು ಮದುವೆಯ ಮಾತುಕತೆಗಳು ಮೊದಲಾಗುವ ದಿನಗಳಲ್ಲಿ, ಪರಿಚಿತರ ಮನೆಯೊಂದರ ನಿಶ್ಚಯಕ್ಕೆ ನಾನು ಹೋಗಿದ್ದೆನು. ವರನು ಬೆಂಗಳೂರಿನಲ್ಲಿ ನೌಕರಿಯಲ್ಲಿರುವವನು. ಕನ್ಯೆಯು ಗಂಗಾವತಿಯವಳು, ಹೈದರಾಬಾದಿನಲ್ಲಿ ದುಡಿಯುವವಳು. ಒಂದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದರೂ ಒಬ್ಬರನ್ನೊಬ್ಬರು ಕಂಡರಿಯದ ಇವರನ್ನು, ದೂರದ ಎರಡು ನಗರಗಳನ್ನು ಸೇರಿದ ಮೇಲೆ, ಮೊಬೈಲಿನ ಡೇಟಿಂಗ್ ಆ್ಯಪೊಂದು ಪರಸ್ಪರ ಪರಿಚಯಿಸಿತು. ಎಂಟು ತಿಂಗಳು ಮಾತನಾಡಿ, ತಾವೇ ಒಪ್ಪಿ, ಆಮೇಲೆ ಹಿರಿಯರಿಗೆ ತಿಳಿಸಿದರು.

ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಹಿತ್ತಾಳೆಯ ತಾಟಿನಲ್ಲಿ ಎಲೆ, ಅಡಿಕೆ, ಸಕ್ಕರೆ, ಕೊಬ್ಬರಿಬಟ್ಟಲುಗಳು ಸಿದ್ಧವಾಗಿದ್ದವು. ಮೊದಲ ಎಲೆಯಡಿಕೆಯು ಸಂಬಂಧ ಕೂಡಿಸಿದವರಿಗೆ ಸಲ್ಲತಕ್ಕದ್ದೆಂಬುದು ಆ ಮನೆಯ ರೂಢಿ. ವರನ ಅಜ್ಜಿಯು ಅದನ್ನು ಕೈಯಲ್ಲಿ ಹಿಡಿದು ಸುತ್ತಲೂ ನೋಡಿ ಕೇಳಿದಳು: “ನಡಕ ಯಾರ ಅದಾರೋ ತಮ್ಮಾ? ನಾಳಿ ಹೆಚ್ಚುಕಡಿಮಿ ಆದ್ರ ಯಾರ್ನ ಕೇಳೂದು?” ಮೊಮ್ಮಗನು ಮೊಬೈಲನ್ನು ಮೇಲೆತ್ತಿ ತೋರಿಸಿದನು. ಎಲ್ಲರೂ ನಕ್ಕರು; ಅಜ್ಜಿ ನಗಲಿಲ್ಲ.

ಪಕ್ಕದಲ್ಲಿದ್ದ ಹಿರಿಯರೊಬ್ಬರು ‘ಎಲ್ಲಾ ಋಣಾನುಬಂಧ’ ಎಂದು ಪ್ರಶ್ನೆಯನ್ನು ಅಲ್ಲಿಗೇ ಮುಗಿಸಲು ನೋಡಿದರು. ಪೂರ್ವಜನ್ಮದ ಋಣವೇ ಇಬ್ಬರನ್ನು ಎಳೆದು ತರುವುದಾದರೆ, ಸೋದರಮಾವನೇನು, ಜಾತ್ರೆಯೇನು, ಯಂತ್ರವೇನು, ಎಲ್ಲವೂ ನಿಮಿತ್ತಮಾತ್ರವೆಂಬುದು ಅವರ ಅಭಿಪ್ರಾಯ. ಆದರೆ ದೈವದ ಮೇಲೆ ಭಾರ ಹಾಕಿ ಕುಳಿತುಕೊಳ್ಳುವುದೊಂದೇ ಈ ನೆಲದ ಮಾತೆಂದು ಹೇಳಲಾಗದು. ಅದೇ ಕೊಪ್ಪಳದ ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನು ಬರೆಯಿಸಿದ ಶಾಸನವಿದೆ. ಶ್ರದ್ಧೆಯಿಂದ ಪ್ರಯತ್ನಿಸಿದರೆ ದೊಡ್ಡವರಿಗಷ್ಟೇ ಅಲ್ಲದೆ ಅಲ್ಪನಿಗೂ ಸ್ವರ್ಗವು ಸಾಧ್ಯವೆಂಬುದು ಅದರ ತಾತ್ಪರ್ಯ. ಸ್ವರ್ಗವೇ ಪ್ರಯತ್ನಸಾಧ್ಯವಾದ ಮೇಲೆ ಸಂಗಾತಿಯನ್ನು ಹುಡುಕಿಕೊಳ್ಳುವ ಪ್ರಯತ್ನಕ್ಕೆ ದೋಷವೆಲ್ಲಿಯದು?

ಹಾಗೆಂದು ಯಂತ್ರದ ಲೆಕ್ಕಕ್ಕೆ ಎಲ್ಲವನ್ನೂ ಒಪ್ಪಿಸಿಬಿಡಲೂ ಬಾರದು. 1962ರಲ್ಲಿ ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಗಣಿತಜ್ಞರು, ಸಮಾನ ಸಂಖ್ಯೆಯ ಗಂಡುಹೆಣ್ಣುಗಳು ತಮಗೆ ಮೆಚ್ಚಿಕೆಯಾದವರನ್ನು ಕ್ರಮವಾಗಿ ಬರೆದುಕೊಟ್ಟರೆ, ತಮ್ಮ ಜೊತೆಗಾರರನ್ನು ಬಿಟ್ಟು ಪರಸ್ಪರರೊಡನೆ ಹೋಗಬಯಸುವ ಯಾವ ಇಬ್ಬರೂ ಉಳಿಯದಂತೆ ಎಲ್ಲರನ್ನೂ ಜೋಡಿಸುವುದು ಸದಾ ಸಾಧ್ಯವೆಂದು ಸಾಧಿಸಿದರು. ಅವರ ಕ್ರಮದಲ್ಲಿ, ಮೊದಲು ಕೇಳುವ ಪಕ್ಷಕ್ಕೇ ಹೆಚ್ಚಿನ ಲಾಭ. (ಹೆಣ್ಣು ಹೆತ್ತವರು ಇದನ್ನು ಗಮನಿಸಬೇಕು.) ಆದರೆ ಆ ಗಣಿತದಲ್ಲಿ ಮೆಚ್ಚಿಕೆಯ ಪಟ್ಟಿಯು ಮೊದಲೇ ಸಿದ್ಧವಾಗಿರುತ್ತದೆ, ಮತ್ತೆ ಬದಲಾಗುವುದಿಲ್ಲ, ಸಂಸಾರದಲ್ಲಿಯಾದರೋ ಮೆಚ್ಚಿಕೆಯು ಕೂಡಿ ಬಾಳುತ್ತ ಹುಟ್ಟತಕ್ಕದ್ದು, ಒಮ್ಮೊಮ್ಮೆ ಬಾಳುತ್ತಲೇ ಬತ್ತತಕ್ಕದ್ದು. ಅಜ್ಜಿಯ ‘ನಾಳಿ’ ಎಂಬ ಮಾತು ಈ ಬತ್ತುವ ದಿನವನ್ನು ಕುರಿತದ್ದು.

ಶಕುಂತಲೆಯ ಕಥೆಯೂ ಇದೇ ಅಲ್ಲವೆ? ಕಾಡಿನಲ್ಲಿ, ಯಾರೂ ನಡುವೆ ಇಲ್ಲದೆ, ಇಬ್ಬರೇ ಒಪ್ಪಿಕೊಂಡ ಗಾಂಧರ್ವ ವಿವಾಹವದು. ಶಾಪವನ್ನೂ ಉಂಗುರವನ್ನೂ ಕಾಳಿದಾಸನು ತಂದನು. ಮಹಾಭಾರತದಲ್ಲಿ ಅವೆರಡೂ ಇಲ್ಲ. ಅಲ್ಲಿ ದುಷ್ಯಂತನು ಎಲ್ಲವೂ ನೆನಪಿದ್ದೂ ತುಂಬಿದ ಸಭೆಯಲ್ಲಿ ಆಕೆಯನ್ನು ಅಲ್ಲಗಳೆಯುತ್ತಾನೆ, ಕಡೆಗೆ ಅಶರೀರವಾಣಿಯೇ ಸಾಕ್ಷಿ ನುಡಿಯಬೇಕಾಗುತ್ತದೆ. ಮೊಬೈಲು ಉಂಗುರದಂತೆ ಮೀನಿನ ಹೊಟ್ಟೆ ಸೇರಲಾರದು. ಎಂಟು ತಿಂಗಳ ಪ್ರತಿಯೊಂದು ಮಾತನ್ನೂ ಗಳಿಗೆಸಹಿತ ಕಾದಿಟ್ಟಿದೆ. ಆದರೂ ಅದು ಸಾಕ್ಷಿಯಲ್ಲ, ದಾಖಲೆ. ವೇದಾಂತಿಗಳು ಹೇಳುವ ಸಾಕ್ಷಿಯು ನಿರ್ಲಿಪ್ತವಾದರೂ ಚೈತನ್ಯ. ಯಂತ್ರಕ್ಕೆ ನಿರ್ಲಿಪ್ತತೆಯಿದೆ, ಚೈತನ್ಯವಿಲ್ಲ. ಊರಿನ ನಡುವಿನವನಿಗೋ ನಿರ್ಲಿಪ್ತತೆಯೇ ಸಲ್ಲದು: ಕೂಡಿಸಿದ ಮನೆ ಒಡೆದರೆ ಸಂತೆಯಲ್ಲಿ ತಲೆತಗ್ಗಿಸಬೇಕಾದವನು ಅವನು. ಆ ನಡುವಿನವರು ಜಾತಿಯ ಬೇಲಿಯನ್ನೂ ಕಾಯುತ್ತಿದ್ದರೆಂಬುದನ್ನು ನಾನು ಮರೆತಿಲ್ಲ; ಅಂಥವರು ಇಲ್ಲವಾದುದಕ್ಕೆ ನನಗೆ ದುಃಖವೂ ಇಲ್ಲ. ಆದರೆ ಅವರೊಡನೆ ಆ ಹೊಣೆಯೂ ಹೋಗಬೇಕೆ?

ಅಷ್ಟರಲ್ಲಿ ಒಳಗಿನಿಂದ ಮಂಡಾಳ ಒಗ್ಗರಣೆಯೂ ಮಿರ್ಚಿಯೂ ಬಂದವು. ಅಜ್ಜಿಯು ಕೈಯ ಎಲೆಯಡಿಕೆಯನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಕನ್ಯೆಯ ಮುಖವನ್ನೊಮ್ಮೆ, ಮೊಮ್ಮಗನ ಮುಖವನ್ನೊಮ್ಮೆ ನೋಡಿ, “ಹಂಗಾರ ನಡಕ ನಾನ ಅದೀನಿ” ಎಂದು, ಅದನ್ನು ತನ್ನ ಸೆರಗಿನ ತುದಿಗೆ ಗಂಟುಹಾಕಿಕೊಂಡು, ಸಕ್ಕರೆಯ ತಾಟನ್ನು ಬೀಗರ ಕಡೆಗೆ ಸರಿಸಿದಳು.