ಉರಿಯದ ದೀಪ ಏನು ಹೇಳುತ್ತದೆ?

ಕಾರಿನ ಕೀಲಿಯನ್ನು ಪೂರ್ತಿ ತಿರುಗಿಸದೆ, ಎಂಜಿನ್ ಚಾಲೂ ಆಗುವ ಒಂದು ಹೆಜ್ಜೆ ಮೊದಲೇ ನಿಲ್ಲಿಸಿ ನೋಡಿ. ಮೀಟರ್ ಬೋರ್ಡಿನ ಮೇಲೆ ಎಣ್ಣೆಯ ಡಬ್ಬಿ, ಬ್ಯಾಟರಿ, ಬ್ರೇಕು, ಎಂಜಿನ್, ಏರ್‌ಬ್ಯಾಗು ಹೀಗೆ ಇದ್ದಬದ್ದ ಚಿತ್ರಗಳೆಲ್ಲ ಕೆಂಪಗೆ, ಹಳದಿಯಾಗಿ ಹೊತ್ತಿಕೊಳ್ಳುತ್ತವೆ. ಎಂಜಿನ್ ಓಡತೊಡಗಿದ ಮೇಲೆ ಒಂದೊಂದಾಗಿ ಆರುತ್ತವೆ. ಆಫೀಸಿಗೆ ಯಾವಾಗಲೂ ತಡವಾಗಿರುವ ನಮಗೆ ಈ ಎರಡು ಕ್ಷಣದ ದೀಪಾರಾಧನೆ ಕಣ್ಣಿಗೆ ಬೀಳುವುದೇ ಇಲ್ಲ.

ಹಳೆಯ ಕಾರುಗಳಲ್ಲಿ ಈ ಒಂದೊಂದು ಚಿತ್ರದ ಹಿಂದೆಯೂ ಕಿರುಬೆರಳ ತುದಿಗಿಂತ ಚಿಕ್ಕದಾದ ಗಾಜಿನ ಬಲ್ಬು ಇರುತ್ತದೆ. ಒಳಗೆ ಟಂಗ್‌ಸ್ಟನ್ ತಂತಿ. ಕಾದು ಬೆಳಗುವುದು ಅದರ ಕೆಲಸ. ತಿನ್ನುವ ವಿದ್ಯುತ್ತಿನ ದೊಡ್ಡ ಪಾಲು ಶಾಖವಾಗಿಯೇ ಹೋಗುತ್ತದೆ. ವರ್ಷಗಟ್ಟಲೆ ಆ ಬಿಸಿ ತಿಂದ ಪ್ಲಾಸ್ಟಿಕ್ ಕಂದುತ್ತದೆ, ಒಂದು ದಿನ ತಂತಿಯೂ ಕಡಿಯುತ್ತದೆ. ಆ ಜಾಗಕ್ಕೆ ಎಲ್‌ಇಡಿ ಹಾಕಿಸುವುದು ಈಗ ಮಾಮೂಲು. ಮುಂಬಯಿಯವರು ಕುರ್ಲಾಕ್ಕೆ, ಚೆನ್ನೈನವರು ಪುದುಪೇಟೆಗೆ, ದಿಲ್ಲಿಯವರು ಕಾಶ್ಮೀರಿ ಗೇಟಿಗೆ ಹೋದರೆ ಆಯಿತು, ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದ ಹಾಗೆ. ಮೀಟರ್ ಬೋರ್ಡು ಬಿಚ್ಚಿ, ಹಿಂದಿನ ಹೋಲ್ಡರ್ ತಿರುಗಿಸಿ, ಹಳೆಯದನ್ನು ಎಳೆದು ಹೊಸದನ್ನು ಒತ್ತಿದರೆ ಮುಗಿಯಿತು. ಕೈ ಪಳಗಿದವರು ಮನೆಯಲ್ಲೇ ಭಾನುವಾರ ಮಾಡಿಕೊಳ್ಳುತ್ತಾರೆ. ನೀಲಿ ಎಲ್‌ಇಡಿ ಕಂಡುಹಿಡಿದ ಅಕಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಬಿಳಿ ಎಲ್‌ಇಡಿಗೂ ಆ ನೀಲಿಯೇ ತಾಯಿ.

ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿಂದ ಬಂತು? ನನ್ನ ಕಾರು, ನನ್ನ ಬಲ್ಬು, ನನ್ನ ದುಡ್ಡು.

ಡ್ಯಾಶ್‌ಬೋರ್ಡಿನಲ್ಲಿ ಎರಡು ಜಾತಿಯ ದೀಪಗಳಿವೆ. ಒಂದು ಜಾತಿ ಬೇರೆಯದನ್ನು ತೋರಿಸಲು ಉರಿಯುತ್ತದೆ: ಸ್ಪೀಡೋಮೀಟರಿನ ಅಂಕಿ, ಗಡಿಯಾರ, ಎಸಿಯ ಗುಂಡಿ, ಬೂದಿಬಟ್ಟಲು. ಇದರ ವಿಷಯದಲ್ಲಿ ಮೇಲಿನ ವಾದ ಬಹುಪಾಲು ನಡೆಯುತ್ತದೆ. ಬಹುಪಾಲು ಎಂದೆ, ಏಕೆಂದರೆ ಬಣ್ಣದ ಹುಚ್ಚಿಗೂ ಒಂದು ಎಲ್ಲೆ ಇದೆ. ಪುಣೆಯಿಂದ ರಾತ್ರಿ ಹೊರಟು ಬೆಳಗಾವಿ ಹಾದು ಹುಬ್ಬಳ್ಳಿ ಸೇರುವವರ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯ ಹತ್ತಿರ ಬೇಕು. ಕತ್ತಲಲ್ಲಿ ದುಡಿಯುವ ಕಣ್ಣಿನ ಕೋಶಗಳು ನೀಲಿ-ಹಸಿರು ಬೆಳಕಿಗೇ ಅತಿ ಸೂಕ್ಷ್ಮ; ಮೂಗಿನ ಕೆಳಗೆ ಪ್ರಖರ ನೀಲಿ ಹೊಳೆಯುತ್ತಿದ್ದರೆ ಆ ಹೊಂದಾಣಿಕೆ ಕೆಡುತ್ತದೆ. ಹಳೆಯ ಡಿಮ್ಮರ್ ಗುಂಡಿಯೂ ಸಹಾಯಕ್ಕೆ ಬರುವುದಿಲ್ಲ. ಬಲ್ಬುಗಳು ಎಳೆಯುವ ಕರೆಂಟಿನ ಲೆಕ್ಕಕ್ಕೆ ಮಾಡಿದ ಗುಂಡಿ ಅದು, ಅಷ್ಟು ಎಳೆಯದ ಎಲ್‌ಇಡಿಯನ್ನು ಅದು ಹೆಚ್ಚು ತಗ್ಗಿಸಲಾರದು. ವಿಮಾನ ಕಟ್ಟುತ್ತಿದ್ದ ಸಾಬ್ ಕಂಪನಿ ತೊಂಬತ್ತರ ದಶಕದ ತನ್ನ ಕಾರುಗಳಲ್ಲಿ ಒಂದು ಸ್ವಿಚ್ಚು ಇಟ್ಟಿತ್ತು. ಒತ್ತಿದರೆ ಸ್ಪೀಡೋಮೀಟರ್ ಬಿಟ್ಟು ಉಳಿದ ಬೆಳಕೆಲ್ಲ ಆರುತ್ತಿತ್ತು. ರಾತ್ರಿಯ ರಸ್ತೆಯಲ್ಲಿ ಏನು ಬೇಕೆಂದು ಅವರಿಗೆ ತಿಳಿದಿತ್ತು. ಇರಲಿ, ಇದು ಅಭಿರುಚಿ ಮತ್ತು ಜಾಗ್ರತೆಯ ಮಾತು.

ಎರಡನೆಯ ಜಾತಿಯ ದೀಪ ಬೇರೆ. ಅದು ಉರಿಯದೆ ಇರುವುದೇ ಅದರ ಒಳ್ಳೆಯ ಸುದ್ದಿ. ಎಣ್ಣೆಯ ಒತ್ತಡ ಸರಿಯಿದೆ, ಬ್ರೇಕಿನ ದ್ರವ ಸರಿಯಿದೆ, ಬ್ಯಾಟರಿ ಚಾರ್ಜ್ ಆಗುತ್ತಿದೆ ಎಂದೆಲ್ಲ ಅದು ಕತ್ತಲಲ್ಲೇ ಹೇಳುತ್ತದೆ. ದಿನವಿಡೀ ನಾವು ಈ ಕತ್ತಲನ್ನು ನಂಬಿ ಓಡುತ್ತೇವೆ. ಇದು ಎಂಥ ನಂಬಿಕೆ?

ಕುಮಾರಿಲ ಭಟ್ಟರ ಪಂಥದ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿ ಎಂಬುದನ್ನು ಪ್ರತ್ಯೇಕ ಪ್ರಮಾಣವಾಗಿ ಒಪ್ಪಿದ್ದಾರೆ. ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು ಅದು. ನೆಲದ ಮೇಲೆ ಗಡಿಗೆ ಕಾಣುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ. ಆದರೆ ಅವರು ಇದಕ್ಕೊಂದು ಷರತ್ತು ಹಾಕಿದರು: ಅದು ಯೋಗ್ಯವಾದ ಅನುಪಲಬ್ಧಿ ಆಗಿರಬೇಕು. ಗಡಿಗೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಸ್ಥಿತಿಯಲ್ಲಿ ಮಾತ್ರ, ಕಾಣಲಿಲ್ಲ ಎನ್ನುವ ಮಾತಿಗೆ ಬೆಲೆ. ಕತ್ತಲ ಕೋಣೆಗೆ ಹೋಗಿ ಗಡಿಗೆ ಕಾಣಲಿಲ್ಲ ಎಂದು ಹೊರಬಂದವನಿಗೆ ಗಡಿಗೆಯ ಬಗ್ಗೆ ಏನೂ ತಿಳಿದಿರುವುದಿಲ್ಲ. ಇದಕ್ಕೆ ಪ್ರತ್ಯೇಕ ಪ್ರಮಾಣವೇಕೆ, ಅಭಾವವೂ ಪ್ರತ್ಯಕ್ಷದಿಂದಲೇ ತಿಳಿಯುತ್ತದೆ ಎಂದು ನೈಯಾಯಿಕರು ಜಗಳ ತೆಗೆದರು. ಆ ಜಗಳ ನಮಗೆ ಬೇಡ. ಷರತ್ತಿನ ಬಗ್ಗೆ ಅವರಿಗೂ ತಕರಾರಿರಲಿಲ್ಲ.

ಕೀಲಿ ತಿರುಗಿಸಿದಾಗಿನ ಆ ಎರಡು ಕ್ಷಣದ ದೀಪಾರಾಧನೆ ಈ ಷರತ್ತಿನ ಪಾಲನೆ. ‘ನೋಡು, ನಾನು ಉರಿಯಬಲ್ಲೆ. ಇನ್ನು ನಾನು ಉರಿಯದಿದ್ದರೆ ಅದನ್ನು ನಂಬಬಹುದು’ ಎಂದು ದೀಪ ಮೊದಲು ತನ್ನ ಯೋಗ್ಯತೆಯನ್ನು ತೋರಿಸುತ್ತದೆ. ಆಮೇಲೆ ಆರುತ್ತದೆ. ಎಂಜಿನಿಯರುಗಳು ಮೀಮಾಂಸೆ ಓದಿ ಇದನ್ನು ಮಾಡಿರಲಾರರು, ಆದರೆ ಕಷ್ಟ ಒಂದೇ ಆದ್ದರಿಂದ ಇಬ್ಬರೂ ಒಂದೇ ಜಾಗಕ್ಕೆ ಬಂದಿದ್ದಾರೆ.

ಈಗ ಎಲ್‌ಇಡಿಗೆ ಬನ್ನಿ. ತಂತಿಯ ಬಲ್ಬಿಗೆ ಪ್ಲಸ್ಸು ಮೈನಸ್ಸಿನ ಗೊಡವೆಯಿಲ್ಲ, ಹೇಗೆ ಸಿಕ್ಕಿಸಿದರೂ ಉರಿಯುತ್ತದೆ. ಸಾಮಾನ್ಯ ಎಲ್‌ಇಡಿ ಹಾಗಲ್ಲ, ತಿರುವುಮುರುವು ಹಾಕಿದರೆ ಕತ್ತಲು. ಬೆಳಕಿಗೆಂದು ಇರುವ ದೀಪಕ್ಕೆ ಹೀಗಾದರೆ ಅದೇ ರಾತ್ರಿ ಗೊತ್ತಾಗುತ್ತದೆ: 80ರ ಅಂಕಿ ಕಾಣುವುದಿಲ್ಲ, ಬೈದುಕೊಂಡು ಮತ್ತೆ ಬಿಚ್ಚುತ್ತೇವೆ. ಎಣ್ಣೆಯ ಒತ್ತಡದ ದೀಪಕ್ಕೆ ಹೀಗಾದರೆ? ಅದು ಉರಿಯದೆ ಇರಬೇಕಾದದ್ದೇ, ಉರಿಯದೇ ಇದೆ. ಎಲ್ಲವೂ ಸರಿಯಿರುವಂತೆ ಕಾಣುತ್ತದೆ. ಎಂಜಿನ್ನಿನ ಎಣ್ಣೆ ಸೋರಿಹೋದ ದಿನವೂ ಹಾಗೇ ಕಾಣುತ್ತದೆ, ಕೆಲವೇ ನಿಮಿಷಗಳಲ್ಲಿ ಬೇರಿಂಗುಗಳು ಸುಟ್ಟು ಎಂಜಿನ್ ಹಿಡಿದುಕೊಳ್ಳುವ ತನಕ. ಕೆಲಸಕ್ಕೆ ಬಾರದ ಜಾಗದಲ್ಲಿ ಕೂಗಿ ಹೇಳುವ ತಪ್ಪು, ಪ್ರಾಣಕ್ಕೆ ಬರುವ ಜಾಗದಲ್ಲಿ ಬಾಯಿ ಮುಚ್ಚಿಕೊಂಡಿರುತ್ತದೆ.

ಹೀಗೆ ಮಾಡಿದವನು ಸುಳ್ಳು ಹೇಳಿದನೇ? ಇಲ್ಲ, ಅವನಿಗೆ ಗೊತ್ತೇ ಇರಲಿಲ್ಲ. ಹಾಗಾದರೆ ಅವನ ಮೇಲೆ ಹೊಣೆ ಇಲ್ಲವೇ? ನನಗೆ ಇದೆ ಅನ್ನಿಸುತ್ತದೆ. ಬಲ್ಬು ತಾನಾಗಿ ಸುಟ್ಟುಹೋದದ್ದು ಯಾರ ತಪ್ಪೂ ಅಲ್ಲ. ಕೈ ಹಾಕಿ ಬದಲಿಸಿದ ಕ್ಷಣದಿಂದ ಆ ದೀಪದ ಕತ್ತಲೆಗೆ ಒಬ್ಬ ಜಾಮೀನುದಾರ ಬಂದ. ಗೊತ್ತಿರಲಿಲ್ಲ ಎನ್ನುವುದು ದೊಡ್ಡ ಕಷ್ಟಪಟ್ಟರೂ ತಿಳಿಯದ ವಿಷಯಕ್ಕೆ ನೆಪವಾದೀತು. ಕೀಲಿ ಅರ್ಧ ತಿರುಗಿಸಿ ಎರಡು ಕ್ಷಣ ನೋಡಿದರೆ ತಿಳಿಯುವುದಕ್ಕೆ ಆಗದು. ಆ ಕಾರನ್ನು ನಾಳೆ ಹೆಂಡತಿ ಓಡಿಸುತ್ತಾಳೆ, ಊರಿಂದ ಬಂದ ತಮ್ಮ ಓಡಿಸುತ್ತಾನೆ. ಅವರು ನಂಬುವುದು ಅವನನ್ನಲ್ಲ, ದೀಪವನ್ನು. ದೀಪದ ಹಿಂದೆ ಅವನಿದ್ದಾನೆ ಎಂಬುದು ಅವರಿಗೆ ಗೊತ್ತಿಲ್ಲ.

ಬ್ಯಾಟರಿಯ ದೀಪದ್ದು ಇನ್ನೂ ವಿಚಿತ್ರ. ಅದ್ವೈತದಲ್ಲಿ ಸಾಕ್ಷಿ ಎಂದರೆ ನೋಡುವುದು ಮಾತ್ರ, ಆಟಕ್ಕೆ ಇಳಿಯುವುದಿಲ್ಲ. ಎಚ್ಚರಿಕೆಯ ದೀಪಗಳನ್ನೂ ನಾವು ಹಾಗೇ ಎಣಿಸುತ್ತೇವೆ. ಆದರೆ ಹಳೆಯ ಬಗೆಯ ಹಲವು ಆಲ್ಟರ್ನೇಟರುಗಳಲ್ಲಿ ಈ ದೀಪ ಆಟಗಾರನೂ ಹೌದು. ಆಲ್ಟರ್ನೇಟರ್ ವಿದ್ಯುತ್ತು ಹುಟ್ಟಿಸಬೇಕಾದರೆ ಮೊದಲು ಅದರೊಳಗಿನ ಸುರುಳಿ ಅಯಸ್ಕಾಂತವಾಗಬೇಕು, ಅದಕ್ಕೆ ಒಂದಿಷ್ಟು ಕರೆಂಟು ಬೇಕು. ಆ ಮೊದಲ ಗುಟುಕು ಹೋಗುವುದು ಈ ದೀಪದ ತಂತಿಯ ಮೂಲಕವೇ. ಆಲ್ಟರ್ನೇಟರ್ ಎದ್ದು ಕೂತು ತಾನೇ ವಿದ್ಯುತ್ತು ಕೊಡತೊಡಗಿದಾಗ ದೀಪದ ಎರಡೂ ಬದಿಯ ವೋಲ್ಟೇಜು ಸಮವಾಗುತ್ತದೆ. ಕರೆಂಟು ಹರಿಯಲು ಕಾರಣವಿಲ್ಲದೆ ದೀಪ ಆರುತ್ತದೆ. ಇದಕ್ಕಿಂತ ಚೆಂದದ ಕತ್ತಲನ್ನು ನಾನು ಬೇರೆಲ್ಲೂ ಕಂಡಿಲ್ಲ. ಈ ಬಲ್ಬಿನ ಜಾಗಕ್ಕೆ ಎಲ್‌ಇಡಿ ಬಂದರೆ, ಅದರ ಮೂಲಕ ಹಾಯುವ ಕರೆಂಟು ಹತ್ತರಲ್ಲೊಂದು ಪಾಲಿಗೆ ಇಳಿಯಬಹುದು. ಆಲ್ಟರ್ನೇಟರ್ ಏಳುವುದೇ ಇಲ್ಲ, ಅಥವಾ ಎಂಜಿನ್ನನ್ನು ಜೋರಾಗಿ ಓಡಿಸಿದ ಮೇಲಷ್ಟೇ ಏಳುತ್ತದೆ. ತಿಳಿದ ಮೆಕ್ಯಾನಿಕ್ ಪಕ್ಕದಲ್ಲೊಂದು ರೆಸಿಸ್ಟರ್ ಹಾಕುತ್ತಾನೆ, ಇಲ್ಲವೇ ‘ಇದೊಂದು ಹಳೆಯದೇ ಇರಲಿ ಸಾರ್’ ಎನ್ನುತ್ತಾನೆ. ಕರೆಂಟು ತಿನ್ನುವ ದಂಡಪಿಂಡ ಎಂದು ಕಿತ್ತೆಸೆದ ಮೇಲೆ ಆ ತಿನ್ನುವಿಕೆಯೇ ಅದರ ಕೆಲಸವಾಗಿತ್ತು ಎಂದು ತಿಳಿಯುವುದು ಕಾರುಗಳಲ್ಲಿ ಮಾತ್ರ ಆಗುವುದಲ್ಲ. ಆಫೀಸುಗಳಲ್ಲಿ ಜನರನ್ನು ಕಡಿತ ಮಾಡಿದ ಮರುತಿಂಗಳು ನಾವೆಲ್ಲ ನೋಡಿದ್ದೇ.

ಎಲ್‌ಇಡಿಗೆ ವಿರುದ್ಧ ದಿಕ್ಕಿನ ರೋಗವೂ ಇದೆ. ಬಲ್ಬಿನ ತಂತಿ ಬಿಸಿಯಾಗಲೂ ಸಾಲದ ಚೂರು ಸೋರಿಕೆ ಕರೆಂಟಿಗೂ ಅದು ಮಿಣಮಿಣ ಎನ್ನುತ್ತದೆ. ತೊಂದರೆ ಏನೂ ಇಲ್ಲ, ದೀಪ ಮಾತ್ರ ಮಂದವಾಗಿ ಉರಿಯುತ್ತಲೇ ಇದೆ. ನಾಲ್ಕು ದಿನ ಗಾಬರಿ, ಐದನೆಯ ದಿನ ಅಭ್ಯಾಸ. ತೋಳ ಬಂತು ತೋಳ ಎಂದ ಹುಡುಗನ ಕತೆ. ಕೊನೆಗೆ ಕಪ್ಪು ಟೇಪು ಅಂಟಿಸುತ್ತೇವೆ.

ಇಷ್ಟು ಹೊತ್ತೂ ತಿಳಿಯದೆ ಆದದ್ದರ ಮಾತಾಯಿತು. ತಿಳಿದು ಮಾಡುವುದೂ ಇದೆ, ಅದು ಹೆಚ್ಚಾಗಿ ಕಾರು ಮಾರುವಾಗ. ನಮ್ಮಂಥವರು ಊರಿಂದೂರಿಗೆ ವರ್ಗವಾಗುವವರು. ರಾಜ್ಯ ದಾಟಿದರೆ ಎನ್‌ಒಸಿ, ಮತ್ತೆ ರಸ್ತೆ ತೆರಿಗೆ, ಮತ್ತೆ ನೋಂದಣಿ. ಅದಕ್ಕಿಂತ ಮಾರುವುದೇ ವಾಸಿ ಎಂದು ಹೈದರಾಬಾದಿನಲ್ಲಿ ಮಾರಿ ಪುಣೆಯಲ್ಲಿ ಕೊಳ್ಳುತ್ತೇವೆ. ಎರಡು ಕಡೆಯೂ ಅಪರಿಚಿತರು. ಏರ್‌ಬ್ಯಾಗಿನ ದೀಪ ಆರದೆ ಉಳಿದಿರುವ ಕಾರಿಗೆ ಬೆಲೆ ಬೀಳುತ್ತದೆ. ಸರಿಪಡಿಸುವುದು ದುಬಾರಿ. ದೀಪವನ್ನು ಕಿತ್ತರೆ ಅಗ್ಗ. ಆದರೆ ಜಾಣ ಕೊಳ್ಳುವವನು ಕೀಲಿ ಅರ್ಧ ತಿರುಗಿಸಿ ಎಣಿಸುತ್ತಾನೆ, ಉರಿಯಲೇ ಇಲ್ಲದ ದೀಪವನ್ನು ಹಿಡಿಯುತ್ತಾನೆ. ಅದಕ್ಕೂ ಮದ್ದಿದೆ: ಆ ದೀಪದ ತಂತಿಯನ್ನು ಪಕ್ಕದ ದೀಪದ ತಂತಿಗೆ ಜೋಡಿಸಿಬಿಡುವುದು. ಆಗ ಏರ್‌ಬ್ಯಾಗಿನ ದೀಪ ಎಲ್ಲರ ಜೊತೆ ಉರಿಯುತ್ತದೆ, ಎಲ್ಲರ ಜೊತೆ ಆರುತ್ತದೆ. ಡಿಕ್ಕಿಯಾದ ದಿನ ಏರ್‌ಬ್ಯಾಗು ಬಿಚ್ಚಿಕೊಳ್ಳದಿರಬಹುದು.

ಬಲ್ಬು ಕೀಳುವುದಕ್ಕಿಂತ ಇದು ಏಕೆ ಹೆಚ್ಚು ಅಸಹ್ಯ ಎನ್ನಿಸುತ್ತದೆ? ಫಲ ಒಂದೇ. ಕೊಳ್ಳುವವನು ಮೋಸಹೋಗುತ್ತಾನೆ, ಅಪಾಯ ಅಷ್ಟೇ. ಆದರೂ ಬಲ್ಬು ಕಿತ್ತವನು ಒಂದು ಮಾತನ್ನು ಮುಚ್ಚಿಟ್ಟ. ಕೇಳಬಲ್ಲವನಿಗೆ ಕೇಳುವ ದಾರಿ ಇನ್ನೂ ತೆರೆದಿತ್ತು. ತಂತಿ ಜೋಡಿಸಿದವನು ಆ ದಾರಿಯನ್ನೇ ಕದ್ದ. ಸುಳ್ಳನ್ನು ಪರೀಕ್ಷಿಸಲು ಇದ್ದ ಒಂದೇ ಉಪಾಯವನ್ನು ಸುಳ್ಳಿನ ಕಡೆಯ ಸಾಕ್ಷಿಯಾಗಿ ನಿಲ್ಲಿಸಿದ. ಇನ್ನು ಎಚ್ಚರದಿಂದ ನೋಡುವವನು, ನೋಡದವನಿಗಿಂತ ಹೆಚ್ಚು ಗಟ್ಟಿಯಾಗಿ ಮೋಸಹೋಗುತ್ತಾನೆ. ‘ಕೊಳ್ಳುವವನು ನೋಡಿಕೊಳ್ಳಬೇಕು’ ಎನ್ನುವ ಸಂತೆಯ ನ್ಯಾಯ ಇಲ್ಲಿ ಬಾಯಿ ತೆರೆಯುವಂತಿಲ್ಲ.

ಇದನ್ನೆಲ್ಲ ಕೇಳಿ ಎಲ್‌ಇಡಿ ಹಾಕಿಸಬಾರದೇ ಎಂದರೆ, ಧಾರಾಳವಾಗಿ ಹಾಕಿಸಿ. ಅಂಕಿಗಳು ಚೆನ್ನಾಗಿ ಕಾಣುತ್ತವೆ, ಪ್ಲಾಸ್ಟಿಕ್ ಸುಡುವುದಿಲ್ಲ. ಎಚ್ಚರಿಕೆಯ ದೀಪ ಬದಲಿಸಿದ್ದರೆ ಅಂಗಡಿಯಿಂದ ಹೊರಡುವ ಮೊದಲು ಕೀಲಿ ಅರ್ಧ ತಿರುಗಿಸಿ, ಒಂದೊಂದನ್ನೂ ಎಣಿಸಿ. ಹ್ಯಾಂಡ್‌ಬ್ರೇಕ್ ಎಳೆದು ನೋಡಿ. ಹೊಸ ಕಾರುಗಳಲ್ಲಿ ಈ ದೀಪಗಳು ಬೋರ್ಡಿಗೇ ಬೆಸುಗೆಯಾಗಿರುತ್ತವೆ, ಅಲ್ಲಿ ಈ ಚಪಲಕ್ಕೆ ಜಾಗವಿಲ್ಲ. ಹಳೆಯ ಕಾರಾದರೆ ಮ್ಯಾನ್ಯುಯಲ್ ಇಡುವ ಚೀಲದಲ್ಲಿ ಒಂದು ಚೀಟಿ ಬರೆದಿಟ್ಟರೆ ಒಳ್ಳೆಯದು, ಯಾವ್ಯಾವುದು ಬದಲಾಗಿದೆ, ಯಾವಾಗ ಬದಲಾಯಿತು ಎಂದು. ಮುಂದಿನ ಮಾಲೀಕ ಯಾರೋ, ಯಾವ ಊರಿನವರೋ, ಕನ್ನಡ ಬರುತ್ತದೆಯೋ ಇಲ್ಲವೋ. ಪಕ್ಕದಲ್ಲೊಂದು ಬ್ಯಾಟರಿಯ ಚಿತ್ರ ಬಿಡಿಸಿ, ಇದು ಹಳೆಯ ಬಲ್ಬೇ ಇದೆ, ತೆಗೆಯಬೇಡಿ ಎಂದು ಅವರಿಗೆ ತಿಳಿಯುವ ಭಾಷೆಯಲ್ಲಿ ಬರೆದರೆ ಸಾಕು.